ಅಕ್ಷಿಪಟಲ ಕಳಚುವಿಕೆ: ಶಸ್ತ್ರಚಿಕಿತ್ಸಾ ವಿಧಾನಗಳ ತುಲನಾತ್ಮಕ ಮಾಹಿತಿ

ಕಣ್ಣಿನ ಒಳಗೋಡೆಯ ಹಿಂಭಾಗವನ್ನು ಆವರಿಸಿರುವ, ಬೆಳಕನ್ನು ಗ್ರಹಿಸುವ ತೆಳುವಾದ ನರಪದರವೇ ಅಕ್ಷಿಪಟಲ ಅಥವಾ ರೆಟಿನಾ. ಈ ಪದರವು ತನ್ನ ಸ್ಥಾನದಿಂದ ಬಿಟ್ಟುಕೊಳ್ಳುವುದನ್ನು ಅಕ್ಷಿಪಟಲ ಕಳಚುವಿಕೆ ಎನ್ನಲಾಗುತ್ತದೆ. ರಂಧ್ರದಿಂದ ಉಂಟಾಗುವ ಕಳಚುವಿಕೆಯು ಕಣ್ಣಿನ ಹನಿಗಳಿಂದಾಗಲಿ, ಮಾತ್ರೆಗಳಿಂದಾಗಲಿ, ಕನ್ನಡಕದಿಂದಾಗಲಿ ಗುಣವಾಗುವುದಿಲ್ಲ. ಇದಕ್ಕೆ ಪ್ರಮುಖವಾಗಿ ಮೂರು ಶಸ್ತ್ರಚಿಕಿತ್ಸಾ ವಿಧಾನಗಳು ಬಳಕೆಯಲ್ಲಿವೆ. ಒಬ್ಬ ರೋಗಿಗೆ ಸೂಚಿಸಿದ ವಿಧಾನವನ್ನು ಮತ್ತೊಬ್ಬರಿಗೆ ಏಕೆ ಸೂಚಿಸುವುದಿಲ್ಲ ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಲಕ್ಷಣಗಳು

ಕಣ್ಣಿನೆದುರು ಹಠಾತ್ತನೆ ಅನೇಕ ಕಪ್ಪು ಚುಕ್ಕೆಗಳು ಅಥವಾ ಎಳೆಗಳು ತೇಲಿದಂತೆ ಕಾಣುವುದು, ಕಣ್ಣಿನ ಅಂಚಿನಲ್ಲಿ ಮಿಂಚು ಹೊಳೆದಂತಾಗುವುದು, ದೃಷ್ಟಿಯ ಒಂದು ಬದಿಯಿಂದ ಕಪ್ಪು ಪರದೆ ಸರಿದು ಬಂದಂತಾಗುವುದು ಇದರ ಮುಖ್ಯ ಲಕ್ಷಣಗಳು. ಇದರಲ್ಲಿ ನೋವು ಇರುವುದಿಲ್ಲ. ನೋವಿಲ್ಲವೆಂಬ ಕಾರಣಕ್ಕೇ ಅನೇಕರು ಚಿಕಿತ್ಸೆಯನ್ನು ಮುಂದೂಡುತ್ತಾರೆ. ಹೆಚ್ಚಿನ ಸಮೀಪದೃಷ್ಟಿ ದೋಷವುಳ್ಳವರು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಕಣ್ಣಿಗೆ ಪೆಟ್ಟು ಬಿದ್ದವರು ಹಾಗೂ ಕುಟುಂಬದಲ್ಲಿ ಈ ತೊಂದರೆ ಇರುವವರು ವಿಶೇಷ ಎಚ್ಚರ ವಹಿಸುವುದು ಅಗತ್ಯ.

ಚಿಕಿತ್ಸೆಯ ಮೂಲತತ್ವ

ಬಹುಪಾಲು ಪ್ರಕರಣಗಳಲ್ಲಿ ಮೊದಲು ಅಕ್ಷಿಪಟಲದಲ್ಲಿ ರಂಧ್ರ ಅಥವಾ ಸೀಳು ಉಂಟಾಗುತ್ತದೆ. ಅದರ ಮೂಲಕ ದ್ರವವು ಒಳಸೇರಿ, ಗೋಡೆಗೆ ಅಂಟಿಸಿದ ಕಾಗದದ ಹಿಂದೆ ನೀರು ಇಳಿದಂತೆ, ಪದರವನ್ನು ಬಿಡಿಸುತ್ತದೆ. ರಂಧ್ರವನ್ನು ಮುಚ್ಚಿದರೆ ಪದರವು ಮತ್ತೆ ಕೂಡಿಕೊಳ್ಳುತ್ತದೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ನೇತ್ರವೈದ್ಯ ಜೂಲ್ಸ್ ಗೋನಿನ್ ಅವರು 1920ರ ದಶಕದಲ್ಲಿ ತೋರಿಸಿಕೊಟ್ಟರು. ಇಂದಿನ ಮೂರೂ ವಿಧಾನಗಳ ಗುರಿ ಇದೇ ಆಗಿದೆ. ಅದನ್ನು ಸಾಧಿಸುವ ದಾರಿ ಮಾತ್ರ ಬೇರೆ ಬೇರೆ. ಅಕ್ಷಿಪಟಲ ಕಳಚುವ ಮೊದಲೇ ರಂಧ್ರ ಪತ್ತೆಯಾದಲ್ಲಿ, ಲೇಸರ್ ಚಿಕಿತ್ಸೆಯಿಂದಲೇ ಅದನ್ನು ಭದ್ರಪಡಿಸಲು ಸಾಮಾನ್ಯವಾಗಿ ಸಾಧ್ಯವಿದೆ.

1. ಸ್ಕ್ಲೆರಲ್ ಬಕಲ್

ಕಣ್ಣುಗುಡ್ಡೆಯ ಬಿಳಿ ಹೊರಪದರದ ಮೇಲೆ ಸಿಲಿಕೋನ್ ಪಟ್ಟಿಯನ್ನು ಹೊಲಿದು, ಗೋಡೆಯನ್ನು ಒಳಮುಖವಾಗಿ ಒತ್ತಿ, ಅತಿಶೀತ ಚಿಕಿತ್ಸೆಯಿಂದ ಅಥವಾ ಲೇಸರ್‌ನಿಂದ ರಂಧ್ರದ ಸುತ್ತ ಬೆಸುಗೆ ಮಾಡಲಾಗುತ್ತದೆ. ಈ ಪಟ್ಟಿಯು ಸಾಮಾನ್ಯವಾಗಿ ಶಾಶ್ವತವಾಗಿ ಉಳಿಯುತ್ತದೆ. ಸ್ವಂತ ಮಸೂರ ಉಳಿದಿರುವ ಕಿರಿಯ ವಯಸ್ಸಿನವರಿಗೆ ಹಾಗೂ ರಂಧ್ರವು ಕಣ್ಣಿನ ಕೆಳಭಾಗದಲ್ಲಿರುವವರಿಗೆ ಇದು ಹೆಚ್ಚು ಸೂಕ್ತ. ಶಸ್ತ್ರಚಿಕಿತ್ಸೆಯ ನಂತರ ಕೆಲದಿನ ನೋವು, ಸಮೀಪದೃಷ್ಟಿ ದೋಷದ ಹೆಚ್ಚಳ ಮತ್ತು ಕೆಲವರಲ್ಲಿ ಒಂದು ವಸ್ತು ಎರಡಾಗಿ ಕಾಣುವುದು ಇದರ ಮಿತಿಗಳು.

2. ನ್ಯೂಮ್ಯಾಟಿಕ್ ರೆಟಿನೋಪೆಕ್ಸಿ

ಕಣ್ಣಿನೊಳಗೆ ಸೂಜಿಯ ಮೂಲಕ ಅನಿಲದ ಗುಳ್ಳೆಯನ್ನು ಸೇರಿಸಿ, ಅದು ರಂಧ್ರವನ್ನು ಒತ್ತಿ ಹಿಡಿಯುವಂತೆ ರೋಗಿಯ ತಲೆಯನ್ನು ನಿರ್ದಿಷ್ಟ ಭಂಗಿಯಲ್ಲಿ ಇರಿಸಲಾಗುತ್ತದೆ. ಇದನ್ನು ಹೊರರೋಗಿ ವಿಭಾಗದಲ್ಲಿಯೇ ಮಾಡಬಹುದು. ಗುಳ್ಳೆಯು ಮೇಲಕ್ಕೇ ಏರುವುದರಿಂದ, ರಂಧ್ರವು ಕಣ್ಣಿನ ಮೇಲ್ಭಾಗದಲ್ಲಿರುವವರಿಗೆ ಮಾತ್ರ ಇದು ಸಾಮಾನ್ಯವಾಗಿ ಒಪ್ಪುತ್ತದೆ. ಹಲವು ದಿನ ಸೂಚಿಸಿದ ಭಂಗಿಯಲ್ಲಿ ಇರಲಾಗದವರಿಗೆ ಇದು ತಕ್ಕದ್ದಲ್ಲ.

3. ವಿಟ್ರೆಕ್ಟಮಿ

ಕಣ್ಣಿನೊಳಗೆ ತುಂಬಿರುವ ವಿಟ್ರಿಯಸ್ ಎಂಬ ಪಾರದರ್ಶಕ ಲೋಳೆಯನ್ನು ಸೂಕ್ಷ್ಮ ಉಪಕರಣಗಳಿಂದ ತೆಗೆದು, ಅಕ್ಷಿಪಟಲವನ್ನು ಸ್ವಸ್ಥಾನದಲ್ಲಿ ಕೂರಿಸಿ, ಲೇಸರ್ ನೀಡಿ, ಅನಿಲ ಅಥವಾ ಸಿಲಿಕೋನ್ ಎಣ್ಣೆಯನ್ನು ತುಂಬಲಾಗುತ್ತದೆ. ಪೊರೆ ಶಸ್ತ್ರಚಿಕಿತ್ಸೆಯಾದವರಿಗೆ, ಅನೇಕ ರಂಧ್ರಗಳಿರುವವರಿಗೆ, ಕಣ್ಣಿನೊಳಗೆ ರಕ್ತಸ್ರಾವವಾದವರಿಗೆ ಹಾಗೂ ಅಕ್ಷಿಪಟಲದ ಮೇಲೆ ಗಾಯದ ಪೊರೆ ಬೆಳೆದವರಿಗೆ ಇದು ಸೂಕ್ತ. ಮಧುಮೇಹದಿಂದ ಅಕ್ಷಿಪಟಲವು ಎಳೆಯಲ್ಪಟ್ಟು ಕಳಚಿದಾಗಲೂ ಇದನ್ನೇ ಅನುಸರಿಸಲಾಗುತ್ತದೆ. ಸ್ವಂತ ಮಸೂರವುಳ್ಳ ಹಿರಿಯರಲ್ಲಿ ಇದರ ನಂತರ ಪೊರೆ ಬೇಗ ಬೆಳೆಯುತ್ತದೆ. ಎಣ್ಣೆ ತುಂಬಿದಲ್ಲಿ, ಅದನ್ನು ತೆಗೆಯಲು ಕೆಲವು ತಿಂಗಳ ನಂತರ ಸಾಮಾನ್ಯವಾಗಿ ಎರಡನೆಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ತುಲನೆ

ಐರೋಪ್ಯ ದೇಶಗಳ ಹಲವು ಕೇಂದ್ರಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಂತ ಮಸೂರವಿರುವವರಿಗೆ ಬಕಲ್ ವಿಧಾನದಿಂದ ಹೆಚ್ಚಿನ ದೃಷ್ಟಿಲಾಭವೂ, ಕೃತಕ ಮಸೂರವಿರುವವರಿಗೆ ವಿಟ್ರೆಕ್ಟಮಿಯಿಂದ ಪದರ ಕೂಡಿಕೊಳ್ಳುವಲ್ಲಿ ಹೆಚ್ಚಿನ ಯಶಸ್ಸೂ ಕಂಡುಬಂದಿತು. ಕೆನಡಾದ ಟೊರಾಂಟೊದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಚಿಕಿತ್ಸೆಗೆ ಅಕ್ಷಿಪಟಲ ಕೂಡಿಕೊಂಡ ಪ್ರಮಾಣವು ವಿಟ್ರೆಕ್ಟಮಿಯಲ್ಲಿ ಶೇ. 93ರಷ್ಟು, ಅನಿಲ ಗುಳ್ಳೆಯ ವಿಧಾನದಲ್ಲಿ ಶೇ. 81ರಷ್ಟು ಇತ್ತು. ಆದರೂ ಒಂದು ವರ್ಷದ ನಂತರದ ದೃಷ್ಟಿಯು ಅನಿಲ ಗುಳ್ಳೆಯ ವಿಧಾನದವರಲ್ಲಿಯೇ ಉತ್ತಮವಾಗಿತ್ತು. ಈ ಫಲಿತಾಂಶವು ಗುಳ್ಳೆಯ ವಿಧಾನಕ್ಕೆ ಅರ್ಹರೆಂದು ಆಯ್ದ ರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ. ಆದುದರಿಂದ ಎಲ್ಲರಿಗೂ ಶ್ರೇಷ್ಠವಾದ ಒಂದೇ ವಿಧಾನವಿಲ್ಲ. ರಂಧ್ರದ ಸ್ಥಾನ, ವಯಸ್ಸು ಮತ್ತು ಮಸೂರದ ಸ್ಥಿತಿಯನ್ನು ನೋಡಿ ತಜ್ಞವೈದ್ಯರು ನಿರ್ಧರಿಸುತ್ತಾರೆ.

ಸಮಯದ ಮಹತ್ವ

ವಿಧಾನದ ಆಯ್ಕೆಯಷ್ಟೇ ಸಮಯವೂ ಮುಖ್ಯ. ಓದಲು ಮತ್ತು ಮುಖ ಗುರುತಿಸಲು ನೆರವಾಗುವ ಅಕ್ಷಿಪಟಲದ ಕೇಂದ್ರಭಾಗವು ಕಳಚುವ ಮುನ್ನ ಶಸ್ತ್ರಚಿಕಿತ್ಸೆಯಾದಲ್ಲಿ ಉತ್ತಮ ದೃಷ್ಟಿ ಉಳಿಯುವ ಸಂಭವ ಹೆಚ್ಚು. ಕೇಂದ್ರಭಾಗ ಕಳಚಿದ ನಂತರ ವಿಳಂಬವಾದಷ್ಟೂ ಹಿಂದಿರುಗುವ ದೃಷ್ಟಿ ಕಡಿಮೆಯಾಗುತ್ತದೆ. ಆದುದರಿಂದ ಮೇಲ್ಕಂಡ ಲಕ್ಷಣಗಳು ಕಂಡುಬಂದ ದಿನವೇ ನೇತ್ರತಜ್ಞರನ್ನು ಕಾಣತಕ್ಕದ್ದು.

ಅನಿಲ ತುಂಬಿಸಿಕೊಂಡವರಿಗೆ ಮುಖ್ಯ ಸೂಚನೆ

ಅನಿಲದ ಬಗೆಗನುಗುಣವಾಗಿ ಗುಳ್ಳೆಯು ಸುಮಾರು 2ರಿಂದ 8 ವಾರಗಳವರೆಗೆ ಕಣ್ಣಿನಲ್ಲಿ ಉಳಿಯಬಹುದು. ಎತ್ತರಕ್ಕೆ ಹೋದಂತೆ ವಾಯುಭಾರ ತಗ್ಗಿ ಗುಳ್ಳೆಯು ಹಿಗ್ಗುತ್ತದೆ. ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಹಾನಿಯಾಗಬಹುದು. ಆದುದರಿಂದ ಗುಳ್ಳೆ ಪೂರ್ತಿ ಕರಗುವವರೆಗೆ ವಿಮಾನಯಾನ ಸಲ್ಲದು. ಮಂಗಳೂರಿನಂತಹ ಕರಾವಳಿ ಊರಿನಲ್ಲಿ ಚಿಕಿತ್ಸೆ ಪಡೆದು ಘಟ್ಟ ಹತ್ತಿ ಮಡಿಕೇರಿ, ಚಿಕ್ಕಮಗಳೂರು ಕಡೆಗೆ ಹಿಂದಿರುಗಬೇಕಾದವರು ಶಸ್ತ್ರಚಿಕಿತ್ಸೆಗೆ ಮೊದಲೇ ತಮ್ಮ ಊರನ್ನು ವೈದ್ಯರಿಗೆ ತಿಳಿಸತಕ್ಕದ್ದು. ಬೇರೆ ಯಾವುದೇ ಕಾರಣಕ್ಕೆ ಅರಿವಳಿಕೆ ಪಡೆಯುವ ಸಂದರ್ಭದಲ್ಲಿಯೂ ಕಣ್ಣಿನಲ್ಲಿ ಅನಿಲವಿರುವುದನ್ನು ತಿಳಿಸುವುದು ಕಡ್ಡಾಯ.

ಸೇವೆ ಪಡೆಯುವ ಬಗ್ಗೆ

ಸಾರ್ವಜನಿಕರು ಮೊದಲಿಗೆ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗವನ್ನು ಸಂಪರ್ಕಿಸಬಹುದು. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯು ಸರ್ಕಾರಿ ಪ್ರಾದೇಶಿಕ ನೇತ್ರವಿಜ್ಞಾನ ಸಂಸ್ಥೆಯಾಗಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಕೋರುವವರು ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿಯೊಂದಿಗೆ ಹಾಜರಾಗಿ, ತಮಗೆ ಸೂಚಿಸಿದ ಚಿಕಿತ್ಸೆಯು ಯೋಜನೆಯ ಪಟ್ಟಿಯಲ್ಲಿದೆಯೇ, ಶಿಫಾರಸು ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದುಕೊಳ್ಳಬೇಕು. ದಾಖಲೆಗಳು ಕೈಯಲ್ಲಿಲ್ಲವೆಂಬ ಕಾರಣಕ್ಕೆ ಕಣ್ಣಿನ ತಪಾಸಣೆಯನ್ನು ಮುಂದೂಡಬಾರದೆಂದು ಕೋರಲಾಗಿದೆ.