ಬೆಚ್ಚುವಿಕೆಯನ್ನು ಅಳೆದವರು

1992. ಧರ್ಮಶಾಲೆಯ ಬೌದ್ಧವಿಹಾರದಲ್ಲಿ ಭಿಕ್ಷುಗಳು ಸಾಲಾಗಿ ಕುಳಿತಿದ್ದರು. ಎದುರಿಗೆ ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ. ಅವರ ತಲೆಗೆ ರಿಚರ್ಡ್ ಡೇವಿಡ್‌ಸನ್ ಮತ್ತು ಸಂಗಡಿಗರು ಇಇಜಿ ತಂತಿಗಳನ್ನು ಅಂಟಿಸಿ, ಕರುಣೆಯನ್ನು ಅಳೆಯುವ ಬಗೆ ತೋರಿಸಹೊರಟಿದ್ದರು. ಭಿಕ್ಷುಗಳು ಗೊಳ್ಳೆಂದು ನಕ್ಕರು. ತಂತಿ ಜೋತುಬಿದ್ದ ತಲೆ ಕಂಡು ನಕ್ಕಿರಬೇಕೆಂದು ವಿಜ್ಞಾನಿಗಳು ಅಂದುಕೊಂಡರು. ಕಾರಣ ಬೇರೆಯಿತ್ತು: ಕರುಣೆ ಇರುವುದು ಎದೆಯಲ್ಲಿ, ಇವರು ತಲೆಯಲ್ಲಿ ಹುಡುಕುತ್ತಿದ್ದಾರಲ್ಲ!

ಬೆಟ್ಟದ ಮೇಲೆ ಏಕಾಂತದಲ್ಲಿದ್ದ ಸಾಧಕರಂತೂ ಯಂತ್ರಕ್ಕೆ ತಲೆಯೊಡ್ಡಲು ಒಪ್ಪಲೇ ಇಲ್ಲ. ವಿಜ್ಞಾನಿಗಳು ಬರಿಗೈಯಲ್ಲಿ ಮರಳಿದರು.

ಮುಂದೆ ಕೈಹಿಡಿದವರು ಮ್ಯಾಥ್ಯೂ ರಿಕಾರ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ತಳಿವಿಜ್ಞಾನದ ಡಾಕ್ಟರೇಟ್ ಮುಗಿಸಿ ಭಿಕ್ಷುವಾದವರು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಲೆವೆನ್‌ಸನ್ ಮತ್ತು ಪಾಲ್ ಎಕ್ಮನ್, ರಿಕಾರ್‌ಗೆ 115 ಡೆಸಿಬೆಲ್‌ನ ಸದ್ದು ಕೇಳಿಸಿದರು. ಕಿವಿಯ ಬಳಿ ಗುಂಡು ಸಿಡಿದಂಥ ಸದ್ದು. ಅಂಥ ಸದ್ದಿಗೆ ‘ಏನದು?’ ಎಂದು ಮನಸ್ಸು ಕೇಳುವ ಮೊದಲೇ ಕಣ್ಣು ಮುಚ್ಚಿರುತ್ತದೆ, ಮುಖ ಸೆಟೆದಿರುತ್ತದೆ. ಮಿದುಳಿನ ಕಾಂಡವೇ ನಡೆಸುವ ಈ ಪ್ರತಿಕ್ರಿಯೆ ಇಚ್ಛೆಯ ಹಿಡಿತಕ್ಕೆ ಸಿಗದು ಎಂದೇ ನಂಬಿಕೆ.

ಮನಸ್ಸು ಬೇರೆಲ್ಲೋ ಇದ್ದಾಗ ರಿಕಾರ್ ಕೂಡ ಬೆಚ್ಚಿದರು. ಆದರೆ ಯಾವುದನ್ನೂ ಹಿಡಿಯದೆ, ಯಾವುದನ್ನೂ ದೂಡದೆ ಅರಿವನ್ನು ತೆರೆದಿಟ್ಟು ಕುಳಿತಾಗ ಮುಖದ ಸೆಟೆತವೂ ದೇಹದ ತಲ್ಲಣವೂ ತಗ್ಗಿದವು. ಈ ವರದಿ 2012ರಲ್ಲಿ ಪ್ರಕಟವಾಯಿತು.

ಇದು ಒಬ್ಬರ ಫಲಿತಾಂಶ, ಅದೂ ಹಲವು ದಶಕಗಳ ಸಾಧನೆಯದು. ನಮ್ಮ ನಿಮ್ಮಂಥವರ ಪಾಡೇನು? ಅದೇ ವರ್ಷ ಗೇಲ್ ಡೆಬೋರ್ಡ್ ಮತ್ತು ಸಂಗಡಿಗರು ಉತ್ತರದ ಒಂದು ಎಳೆ ಕೊಟ್ಟರು. ಹೊಸಬರಿಗೆ ಎಂಟು ವಾರ ಧ್ಯಾನ ಕಲಿಸಿ, ಮೊದಲೂ ಆಮೇಲೂ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಸ್ಕ್ಯಾನರಿನೊಳಗೆ ಅವರು ಧ್ಯಾನಿಸುತ್ತಿರಲಿಲ್ಲ, ಮನ ಕಲಕುವ ಚಿತ್ರಗಳನ್ನು ನೋಡುತ್ತಿದ್ದರು. ಗಮನವಿಡುವ ಧ್ಯಾನ ಕಲಿತವರಲ್ಲಿ ಬಲಬದಿಯ ಅಮಿಗ್ಡಲದ ಉದ್ರೇಕ ಇಳಿದಿತ್ತು. ಅಪಾಯದ ಸುಳಿವು ಸಿಕ್ಕೊಡನೆ ಎದೆ ಡವಡವ ಎನ್ನಿಸುವ ಬಾದಾಮಿಯಾಕಾರದ ಭಾಗವದು. ಎದೆಗೂ ತಲೆಗೂ ಇರುವ ನಂಟಿನ ಒಂದು ಕೊಂಡಿ ಅದು. ಭಿಕ್ಷುಗಳ ನಗೆಯಲ್ಲಿ ಅರ್ಧ ಸತ್ಯವಿತ್ತು.

ಧರ್ಮಶಾಲೆಯ ಆ ಮಾತುಕತೆ ಅಲ್ಲಿಗೇ ನಿಲ್ಲಲಿಲ್ಲ. 2013ರ ಜನವರಿಯಲ್ಲಿ ನಮ್ಮ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ ಭಿಕ್ಷುಗಳೂ ಡೇವಿಡ್‌ಸನ್‌ರಂಥ ವಿಜ್ಞಾನಿಗಳೂ ಮುಖಾಮುಖಿ ಕುಳಿತು ಮನಸ್ಸು, ಮಿದುಳುಗಳ ಬಗ್ಗೆ ಚರ್ಚಿಸಿದರು.

ಬೆಚ್ಚುವಿಕೆ ತಗ್ಗಬಹುದು ಎಂದಮಾತ್ರಕ್ಕೆ ಭಯವೇ ಬೇಡವೆಂದಲ್ಲ. ಭಯ ನಮಗೆ ಬೇಕು. ಹಾವು ಕಂಡಾಗ ಕಾಲು ಹಿಂದೆಗೆಯುವುದು ಅದರಿಂದಲೇ. ಹಗ್ಗವೆಂದು ತಿಳಿದ ಮೇಲೂ ಎದೆ ಬಡಿದುಕೊಳ್ಳುತ್ತಲೇ ಇದ್ದರೆ ಅದು ಸಂಕಟ. ಆ ಬಡಿತವನ್ನು ಇಳಿಸುವುದು ಕಲಿತರೆ ಬರುವ ವಿದ್ಯೆ. ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸಿ, ಕಲಿಕೆ ಅಲ್ಲಿಂದ ಶುರುವಾಗಲಿ.