ತಾಯಿಚಿಟ್ಟೆಯ ಪರೀಕ್ಷೆ

ಜಾತಿನಾಯಿಗಳನ್ನು ಬೆಳೆಸುವ ವಿವೇಕಿಗಳು ಈಗ ಜೋಡಿಯನ್ನು ಕೂಡಿಸುವುದಕ್ಕೆ ಮೊದಲೇ ತಂದೆತಾಯಿಗಳ ರಕ್ತವನ್ನು ಪರೀಕ್ಷಿಸುವರು. ದೃಢಕಾಯವಾಗಿ ಕಾಣುವ ನಾಯಿಯೂ ವಂಶವಾಹಿಯಲ್ಲಿ ದೋಷವನ್ನು ಹೊತ್ತಿರಬಹುದು. ಅಂತಹ ಎರಡು ಕೂಡಿದರೆ, ಕೆಲವು ರೋಗಗಳ ವಿಷಯದಲ್ಲಿ, ಸರಾಸರಿ ನಾಲ್ಕು ಮರಿಗಳಲ್ಲೊಂದು ರೋಗಕ್ಕೆ ತುತ್ತಾಗುವುದು. ಇದನ್ನು ಕೇಳಿ ಬೆರಗಾಗುವ ವಾಚಕರು ರಾಮನಗರದ ಸೀಮೆಯವರಾದರೆ, ಇದೇ ಬಗೆಯ ಜಾಗರೂಕತೆಯು ತಮ್ಮ ರೇಷ್ಮೆಯ ಕಸಬಿನಲ್ಲಿ ಬಹುಕಾಲದಿಂದ ಇರುವುದನ್ನು ಸ್ಮರಿಸಬೇಕು.

ರೇಷ್ಮೆಹುಳುವಿನ ವ್ಯಾಧಿಗಳಲ್ಲಿ ಗಂಟುರೋಗವು ಅತಿ ಘೋರವಾದುದು. ಇದು ವಂಶವಾಹಿಯ ದೋಷವಲ್ಲ, ಸೂಕ್ಷ್ಮಜೀವಿಯ ಸೋಂಕು. ಆದರೂ ತಾಯಿಯ ಗರ್ಭದಲ್ಲಿಯೇ ಮೊಟ್ಟೆಯನ್ನು ಸೇರುವುದು. ಚಿಟ್ಟೆಯ ಹೊರರೂಪವನ್ನು ನೋಡಿ ನಂಬುವಂತಿಲ್ಲ. 1865ರಲ್ಲಿ ಫ್ರಾನ್ಸ್ ದೇಶದ ಅಲೆಸ್ ಪಟ್ಟಣಕ್ಕೆ ಹೋದ ಲೂಯಿ ಪಾಶ್ಚರ್ ಮಹಾಶಯರು ವರ್ಷಗಟ್ಟಲೆ ಶ್ರಮಿಸಿ ಬಳಕೆಗೆ ತಂದ ಉಪಾಯವು ಸರಳವಾದುದು. ಒಂದೊಂದು ಚಿಟ್ಟೆಯಿಂದಲೂ ಪ್ರತ್ಯೇಕವಾಗಿ ಮೊಟ್ಟೆಯಿಡಿಸಿ, ಅನಂತರ ಆ ಚಿಟ್ಟೆಯನ್ನು ಅರೆದು, ರಸದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಅದರ ಮೊಟ್ಟೆಗಳೆಲ್ಲವೂ ಅಗ್ನಿಗೆ ಆಹುತಿ!

ಮೈಸೂರು ಸಂಸ್ಥಾನವು 1914ರಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆಯ ಕ್ಷೇತ್ರವನ್ನು ತೆರೆದುದು ಇಂತಹ ರೋಗರಹಿತ ಬಿತ್ತನೆಯ ಸಲುವಾಗಿ. ರೇಷ್ಮೆ ಇಲಾಖೆಯನ್ನು ನಡೆಸಿದ ನವರತ್ನ ರಾಮರಾಯರನ್ನು ನಾವು ಸಾಹಿತಿಗಳೆಂದು ಮಾತ್ರ ಕೊಂಡಾಡುವೆವು; ಹುಳು ಸಾಕುವ ಮನೆಗಳಿಗೆ ಅವರು ಮಾಡಿದ ಉಪಕಾರವು ಅದಕ್ಕಿಂತ ಕಿರಿದೆಂದು ನನಗೆ ತೋರುವುದಿಲ್ಲ.

ರೈತರ ಮಾತಿನಲ್ಲಿ ‘ಒಂದು ಮೊಟ್ಟೆ’ಯೆಂದರೆ ಒಂದು ಚಿಟ್ಟೆಯಿಟ್ಟ ಸುಮಾರು 400 ಮೊಟ್ಟೆಗಳ ಗುಂಪು. ನೂರು ಮೊಟ್ಟೆಯನ್ನು ತಂದ ಕನಕಪುರದ ಒಕ್ಕಲಿಗೆ ನಲವತ್ತು ಸಾವಿರ ಹುಳುಗಳ ಪೋಷಣೆ! ಸುಮಾರು 25 ದಿನ ಹಗಲಿರುಳೆನ್ನದೆ ಹಿಪ್ಪುನೇರಳೆಯ ಸೊಪ್ಪನ್ನು ಹಾಕುವ ಶ್ರಮದಲ್ಲಿ ದೊಡ್ಡ ಪಾಲು ಗೃಹಿಣಿಯರದು. ಕೆಲವೇ ಹುಳುಗಳಲ್ಲಿ ಸೋಂಕಿದ್ದರೂ ಅವುಗಳ ಹಿಕ್ಕೆ ಸೊಪ್ಪಿಗೆ ತಗುಲಿ, ಮಿಕ್ಕವೂ ಕೆಡುವುವು. ಸಾಲ ತಂದ ಹಣವೂ, ಮಗಳ ಮದುವೆಗೆಂದು ಎಣಿಸಿದ ಆದಾಯವೂ ಅಲ್ಲಿಗೆ ಮುಗಿಯಿತು. ಮನೆಯನ್ನು ತೊಳೆದು ಶುದ್ಧಿಮಾಡಬಹುದು. ಸೋಂಕಿದ ಮೊಟ್ಟೆಯನ್ನು ಶುದ್ಧಿಮಾಡುವ ಬಗೆಯು ರೈತನ ಕೈಯಲ್ಲಿಲ್ಲ.

ಮಾಗಡಿಯ ಕಡೆ ಬಿತ್ತನೆಗೂಡನ್ನು ಬೆಳೆಯುವವರ ಹೊಣೆಯು ಆದುದರಿಂದಲೇ ಹಿರಿದು. ಮೂಲಬಿತ್ತನೆಗಾಗಿ ಪ್ರತಿಯೊಂದು ತಾಯಿಚಿಟ್ಟೆಯನ್ನೂ ಪರೀಕ್ಷಿಸುವರು. ಮಾರಾಟದ ಬಿತ್ತನೆಗಾದರೋ ಗುಂಪಿನಿಂದ ಆಯ್ದ ಕೆಲವನ್ನು ಮಾತ್ರ. ಬಿತ್ತನೆಯ ತಯಾರಿಕೆಗೂ ಮಾರಾಟಕ್ಕೂ 1959ರ ಶಾಸನದ ಕಟ್ಟುಪಾಡುಂಟು. ಈಗ ಅನೇಕರು ಮೊಟ್ಟೆಯ ಬದಲು ಚಾಕಿ ಹುಳುಗಳನ್ನೇ ಕೊಳ್ಳುವುದರಿಂದ ತಾಯಿಯ ವಿಚಾರವು ಮರೆತುಹೋಗುವುದು ಸುಲಭ. ಅಗ್ಗವೆಂದು ಕೈಚಾಚುವ ಮೊದಲು, ಇದು ಯಾವ ಬಿತ್ತನೆ ಕೋಠಿಯ ಮೊಟ್ಟೆ, ಚಿಟ್ಟೆಗಳ ಪರೀಕ್ಷೆಯು ಯಾವ ದಿನ ನಡೆಯಿತು ಎಂದು ಮನೆಯ ಯಜಮಾನತಿಯೇ ಕೇಳಲಿ.