ಉಡಿಯ ಖಣ ಕುಪ್ಪಸವಾಗುವ ಬಗೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಹೆಸರು 1986ರಲ್ಲಿ ದೇಶದಾದ್ಯಂತ ಸುದ್ದಿಯಾದದ್ದು ಬಟ್ಟೆ ಕಳಚುವ ಹರಕೆಯಿಂದ. ತಡೆಯಲು ಹೋದ ಕಾರ್ಯಕರ್ತರು ಹಾಗೂ ಪೊಲೀಸರ ಮೇಲೆ ಹಲ್ಲೆ ನಡೆದ ಬಳಿಕ ಸರ್ಕಾರ ಅಲ್ಲಿನ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ಆದರೆ ರೇಣುಕಾಂಬೆಯ ಸನ್ನಿಧಿಯಲ್ಲಿ ಬಟ್ಟೆಗೆ ಇನ್ನೊಂದು ಸ್ಥಾನವೂ ಇದೆ. ಉಡಿ ತುಂಬುವವರು ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಬಳೆಗಳೊಡನೆ ತರುವುದು ಖಣವನ್ನು.

ಮಲೆನಾಡಿನಲ್ಲಿ ರವಿಕೆ ಕಣ ಎಂದು ಕರೆಯಲಾಗುವ ಈ ತುಂಡು ಬಟ್ಟೆ ದೇವಿಗಷ್ಟೇ ಅಲ್ಲ, ಮನೆಗೆ ಬಂದ ಮುತ್ತೈದೆಯರ ಉಡಿಗೂ ಬೀಳುತ್ತದೆ. ಬಳಿಕ ಅದರ ಪಾಡು ಎಲ್ಲರಿಗೂ ಗೊತ್ತಿರುವುದೇ: ಟ್ರಂಕಿನ ತಳ ಸೇರಿ, ಮುಂದಿನ ಶುಭಕಾರ್ಯದಲ್ಲಿ ಮತ್ತೊಬ್ಬರ ಉಡಿ ಸೇರುವುದು. ಹೊಲಿಯಬೇಕಾದ ಬಟ್ಟೆ ಕೈಯಿಂದ ಕೈಗೆ ಸುತ್ತುತ್ತಲೇ ಹಳತಾಗುತ್ತದೆ.

ಖಣಕ್ಕೆ ಹೆಸರಾದ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲಿನ ಖಣಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ತೇರು, ಸೂಜಿಮಲ್ಲಿಗೆ ಮುಂತಾದ ವಿನ್ಯಾಸಗಳು ನೇಯ್ಗೆಯಲ್ಲೇ ಮೂಡುತ್ತವೆ. ಎರಡೂ ಬದಿಗೆ ದಡಿಯಿರುತ್ತದೆ. ಬಟ್ಟೆಯ ಅಗಲ ಒಂದು ಗಜಕ್ಕಿಂತ ಕಡಿಮೆ. ಈ ಕಡಿಮೆ ಅಗಲವೇ ಕುಪ್ಪಸದ ಕತ್ತರಿಕೆಯನ್ನು ನಿರ್ಧರಿಸಿದೆ.

ಇಂದಿನ ರವಿಕೆಯನ್ನು ಮೈಯ ಆಕಾರಕ್ಕೆ ಡೊಂಕಾಗಿ ಕತ್ತರಿಸಿ, ಡಾರ್ಟ್ ಹಿಡಿದು ಹೊಲಿಯಲಾಗುತ್ತದೆ. ಬಟ್ಟೆಯ ಚೂರುಗಳು ಅಂಗಡಿಯ ನೆಲಕ್ಕೆ ಬೀಳುತ್ತವೆ. ಹಳೆಯ ಕುಪ್ಪಸದ ತರ್ಕವೇ ಬೇರೆ. ಬೆನ್ನು, ಎರಡು ಎದೆಭಾಗ, ಎರಡು ತೋಳು, ಕಂಕುಳಡಿಯ ಪುಟ್ಟ ತುಂಡುಗಳು, ಹೆಚ್ಚಿನವು ನೇರ ಗೆರೆಯವು. ದಡಿ ತೋಳಿನ ತುದಿಗೂ ಕೆಳ ಅಂಚಿಗೂ ಬರುವಂತೆ ಹೊಂದಿಸಿದರೆ ಮಡಚಿ ಹೊಲಿಯುವ ಕೆಲಸವೂ ಉಳಿಯುತ್ತದೆ. ಮುಂದೆ ಗುಂಡಿಯಿಲ್ಲ, ಗಂಟು. ಮೈ ದಪ್ಪವಾದರೂ ತೆಳುವಾದರೂ ಗಂಟು ಸರಿದೂಗಿಸುತ್ತದೆ.

ಚಂದ್ರಗುತ್ತಿಯ ಕೋಟೆ ಕೆಳದಿ ಅರಸರ ಕೈಯಲ್ಲಿದ್ದ ಹದಿನೆಂಟನೆಯ ಶತಮಾನದಲ್ಲಿ ಯುರೋಪಿನ ಹೆಂಗಸರೂ ಇದೇ ಲೆಕ್ಕಾಚಾರ ಬಲ್ಲವರಾಗಿದ್ದರು. ಅವರ ಗೌನಿನ ಒಳಗಿನ ಲಿನನ್ ಅಂಗಿ ಆಯತಾಕಾರದ ತುಂಡುಗಳಿಂದಲೇ ಆದದ್ದು; ಕಂಕುಳಲ್ಲಿ ಅಲ್ಲಿಯೂ ಒಂದು ಚೌಕ. ಕೈಯೆತ್ತಿದಾಗ ಬಟ್ಟೆ ಜಗ್ಗದಿರಲಿ, ಹರಿಯದಿರಲಿ ಎಂಬುದೇ ಅದರ ಉದ್ದೇಶ. ಅಂಗಿಯ ಮೇಲೆ ಬಿಗಿಯಾದ ಕವಚದಂಥ ಒಳಉಡುಪು, ಲಂಗಗಳು, ಕೊನೆಗೆ ಗೌನು. ಆಕಾರ ಕೊಡುತ್ತಿದ್ದುದು ಕವಚ. ನಮ್ಮಲ್ಲಿ ಆ ಕೆಲಸ ಗಂಟಿನದು. ಆ ಗೌನುಗಳಿಗೆ ಭಾರತದ ಚಿತ್ತಾರದ ಹತ್ತಿಬಟ್ಟೆಯ ಹುಚ್ಚು ಎಷ್ಟಿತ್ತೆಂದರೆ, ಸ್ವಂತ ನೇಕಾರರ ಒತ್ತಡಕ್ಕೆ ಮಣಿದ ಬ್ರಿಟನ್ 1721ರಲ್ಲಿ ಅದನ್ನು ತೊಡುವುದನ್ನೇ ಕಾನೂನಿನಿಂದ ತಡೆಯಿತು. ನಿರ್ಬಂಧ ಸಡಿಲವಾದದ್ದು 1774ರಲ್ಲಿ. ಎರಡೂ ಕಡೆ ಹೊಲಿಗೆ ಕೈಯದೇ. ಯಂತ್ರ ಬಳಕೆಗೆ ಬಂದದ್ದು ಮುಂದಿನ ಶತಮಾನದಲ್ಲಿ.

ಹೊಸದಾಗಿ ಕಲಿಯುವವರು ಖಣಕ್ಕೆ ನೇರವಾಗಿ ಕತ್ತರಿ ಹಾಕಬಾರದು. ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಮೊದಲು ಒಂದು ಮಾದರಿ ಹೊಲಿದು, ತೊಟ್ಟು, ಕೈಯೆತ್ತಿ ನೋಡಬೇಕು. ಬಿಗಿಯೆನಿಸಿದರೆ ತಪ್ಪು ಸಾಮಾನ್ಯವಾಗಿ ಎದೆಯ ಅಳತೆಯದಲ್ಲ, ಕಂಕುಳಿನದು. ಚೌಕವನ್ನು ಅರ್ಧ ಅಂಗುಲ ಹಿಗ್ಗಿಸಿದರೆ ಸಾಕು. ಅಜ್ಜಿಯ ಹಳೆಯ ಕುಪ್ಪಸ ಸಿಕ್ಕರೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಖಣದ ಅಂಚು ಬೇಗ ಎಳೆ ಬಿಡುವುದರಿಂದ ಹೊಲಿಗೆಗೆ ಅರ್ಧ ಅಂಗುಲಕ್ಕೂ ಹೆಚ್ಚು ಬಟ್ಟೆ ಬಿಡಬೇಕು. ಕಚ್ಚಾ ಹೊಲಿಗೆ ಹಾಕಿ ಜೋಡಿಸಿದ ಮೇಲೆ, ಸೂಜಿಯನ್ನು ಪ್ರತಿ ಸಲ ಒಂದು ಹೆಜ್ಜೆ ಹಿಂದಕ್ಕೆ ತಂದು ಮುಂದೆ ಸಾಗುವ ಹೊಲಿಗೆ ಕಂಕುಳು ಮತ್ತು ಹೆಗಲಿಗೆ ಬೇಕು. ಉಳಿದೆಡೆ ಸಾದಾ ಹೊಲಿಗೆ ನಡೆಯುತ್ತದೆ. ತೋಳಿಗೆ ಚೌಕವನ್ನು ಮೊದಲು ಜೋಡಿಸಿ, ನಂತರವೇ ಪಕ್ಕದ ಹೊಲಿಗೆ ಮುಚ್ಚುವುದು ಕ್ರಮ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಕುಪ್ಪಸ ತೊಡುವವರು ಕಡಿಮೆಯಾದಂತೆ ಕೈಮಗ್ಗದ ಖಣಕ್ಕೂ ಬೇಡಿಕೆ ಕುಸಿಯಿತು. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆ ಅದರ ಜಾಗಕ್ಕೆ ಬಂದಿತು. ಈಚಿನ ವರ್ಷಗಳಲ್ಲಿ ಖಣದ ಸೀರೆ, ಚೀಲಗಳು ನಗರಗಳಲ್ಲಿ ಮಾರಾಟವಾಗುತ್ತಿರುವುದು ನೇಕಾರರಿಗೆ ಆಸರೆ. ಆದರೆ ಚೀಲಕ್ಕೆ ಕಂಕುಳಿನ ಚೌಕ ಬೇಕಿಲ್ಲ. ಅದನ್ನು ಕತ್ತರಿಸಬಲ್ಲ ಕೈಗಳು ಈಗ ಹೆಚ್ಚಾಗಿ ಹಳ್ಳಿಯ ಹಿರಿಯ ಹೆಂಗಸರವು.